ದಣಿ ಇಕ್ಕಿದ ಕ್ರಿಸ್‌ಮಸ್ ಊಟ

ಡಿಸೆಂಬರ್ ಬಂತು ಅಂದರೆ ಸಾಕು, ನಮ್ಮ ಪತ್ರಿಕೆಗಳ ಪುರವಣಿಗಳಿಗೆ ಪ್ಲಮ್ ಕೇಕಿನ ಜ್ವರ ಬರುತ್ತದೆ. ಒಣದ್ರಾಕ್ಷಿಯನ್ನು ಎಷ್ಟು ದಿನ ರಮ್ಮಿನಲ್ಲಿ ನೆನೆಹಾಕಬೇಕು, ಟರ್ಕಿ ಕೋಳಿಯ ಹೊಟ್ಟೆಗೆ ಏನು ತುಂಬಬೇಕು, ಪುಡ್ಡಿಂಗಿನ ಮೇಲೆ ಬ್ರಾಂದಿ ಸುರಿದು ಬೆಂಕಿ ಹಚ್ಚಿ ಹೇಗೆ ತಂದಿಡಬೇಕು ಎಂದು ಬಣ್ಣದ ಚಿತ್ರ ಹಾಕಿ ವಿವರಿಸುತ್ತಾರೆ. ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ಇದು ಹಂಚಿ ತಿನ್ನುವ ಹಬ್ಬ, ಬಡವ ಬಲ್ಲಿದ ಎನ್ನದೆ ಎಲ್ಲರೂ ಒಂದೇ ಮೇಜಿಗೆ ಕೂರುವ ಹಬ್ಬ. ನಮಗೆ ಕೇಕಿನ ಮೇಲೆ ಸಿಟ್ಟಿಲ್ಲ. ತಿನ್ನುವವರು ತಿನ್ನಲಿ, ನಮಗೂ ಒಂದು ಚೂರು ಕೊಟ್ಟರೆ ಬೇಡ ಅನ್ನುವುದಿಲ್ಲ. ನಮ್ಮ ತಕರಾರಿರುವುದು ಆ ಕೊನೆಯ ಸಾಲಿನ ಮೇಲೆ.

ಒಂದೇ ಮೇಜು ಅಂತೀರಲ್ಲ, ಯಾವ ಮೇಜು ಸ್ವಾಮಿ? ಅದರ ಮೇಲಿನ ಸಕ್ಕರೆಗೆ ಕಬ್ಬು ಕಡಿದವರು ಯಾರು? ಹಂದಿ ಸುಟ್ಟವರು ಯಾರು? ಕೂತವರು ಯಾರು, ಕೈಕಟ್ಟಿ ನಿಂತವರು ಯಾರು? ಈ ಪ್ರಶ್ನೆ ಹಿಡಿದು ನಾವು ಅಮೆರಿಕದ ದಕ್ಷಿಣ ಸೀಮೆಯ ಹತ್ತಿ ಹೊಲಗಳಿಗೆ, ಕರಿಯ ಗುಲಾಮರ ಗುಡಿಸಲುಗಳಿಗೆ ಹೋಗಬೇಕಾಗಿದೆ. ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ಕೇರಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದಾಗ ಅದನ್ನು ಅರ್ಪಿಸಿದ್ದು ಕರಿಯ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. ಬಾಬಾಸಾಹೇಬರು 1946ರಲ್ಲಿ ಕರಿಯರ ಚಿಂತಕ ಡುಬೋಯಿಸ್‌ಗೆ ಕಾಗದ ಬರೆದು, ಅವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆ ಹೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಈ ದಾರಿ ನಮ್ಮ ಹಿರಿಯರು ಸವೆಸಿದ ದಾರಿ.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಹೋಯಿತು. ಹೋದದ್ದೇ ತಡ, ಅದನ್ನು ಹೊಗಳುವ ಕಥೆಗಳು ಶುರುವಾದವು. ಥಾಮಸ್ ನೆಲ್ಸನ್ ಪೇಜ್‌ನಂಥ ಬಿಳಿ ಲೇಖಕರು ಹಳೆಯ ಬಂಗಲೆಗಳ ಕ್ರಿಸ್‌ಮಸ್ಸನ್ನು ನೆನೆದು ನೆನೆದು ಬರೆದರು. ಧಾರಾಳಿ ದೊರೆ, ಕರುಣಾಮಯಿ ದೊರೆಸಾನಿ, ಅಡುಗೆಮನೆಯಿಂದ ಹೊಮ್ಮುವ ಘಮ, ಉಂಡು ನಲಿಯುವ ಆಳುಗಳು. ಓದಿದವನಿಗೆ ಅಯ್ಯೋ, ಇಷ್ಟು ಚೆನ್ನಾಗಿದ್ದದ್ದನ್ನು ಯಾಕೆ ಮುರಿದರು ಅನ್ನಿಸಬೇಕು, ಹಾಗೆ. ಈ ರಾಗ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲೂ ಜಗಲಿ ಮೇಲೆ ಕೂತವರು ಹೇಳುವುದನ್ನು ಕೇಳಿದ್ದೇವೆ: ‘ಆಗಿನ ಕಾಲದಲ್ಲಿ ಹಬ್ಬ ಅಂದ್ರೆ ಹೊಲಗೇರಿಗೆಲ್ಲ ನಮ್ಮ ಮನೆಯಿಂದಲೇ ಊಟ ಹೋಗ್ತಿತ್ತು ಕಣಯ್ಯ. ಈಗಿನೋರಿಗೆ ಆ ನೀಯತ್ತು ಎಲ್ಲಿದೆ?’ ಊಟ ಎಲ್ಲಿಂದ ಹೊರಟಿತು ಎಂಬುದು ಅವರಿಗೆ ನೆನಪಿದೆ. ಯಾವ ಬಾಗಿಲಿಂದ ಹೊರಟಿತು, ಎಷ್ಟು ಎತ್ತರದಿಂದ ಬಿತ್ತು ಎಂಬುದು ಉಂಡವರಿಗೆ ನೆನಪಿದೆ.

ಅಮೆರಿಕದಲ್ಲಿ ಉಂಡವರು ಬರೆದಿಟ್ಟಿದ್ದಾರೆ. ಅದೇ ನಮ್ಮ ಪುಣ್ಯ.

ಸಾಲೊಮನ್ ನಾರ್ತಪ್ ಎಂಬಾತ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿದ್ದವನು. 1841ರಲ್ಲಿ ಮೋಸದಿಂದ ಹಿಡಿದು ಮಾರಿದರು. ಹನ್ನೆರಡು ವರ್ಷ ಗುಲಾಮನಾಗಿದ್ದು 1853ರಲ್ಲಿ ಬಿಡುಗಡೆಯಾಗಿ, ಅದೇ ವರ್ಷ ತನ್ನ ಕಥೆಯನ್ನು ಪುಸ್ತಕವಾಗಿ ಹೊರತಂದ. ಲೂಸಿಯಾನದ ಹತ್ತಿ ಸೀಮೆಯಲ್ಲಿ ಎಪ್ಸ್ ಎಂಬ ದಣಿಯ ಕೈಕೆಳಗೆ ವರ್ಷಕ್ಕೆ ಸಿಗುತ್ತಿದ್ದ ಬಿಡುವು ಕ್ರಿಸ್‌ಮಸ್ಸಿನ ಮೂರು ದಿನ. ಬೇರೆ ದಣಿಗಳು ನಾಲ್ಕೋ ಐದೋ ಆರೋ ಕೊಡುತ್ತಿದ್ದರು. ಪ್ರತಿವರ್ಷ ಆ ಸೀಮೆಯ ಒಬ್ಬ ದಣಿ ತನ್ನ ತೋಟದಲ್ಲಿ ದೊಡ್ಡ ಊಟ ಹಾಕುತ್ತಿದ್ದ. ಸುತ್ತಲಿನ ತೋಟಗಳಿಂದ ಮುನ್ನೂರರಿಂದ ಐನೂರು ಜನ ಗುಲಾಮರು ನಡೆದು, ಕುದುರೆ ಮೇಲೆ, ಹೇಸರಗತ್ತೆ ಮೇಲೆ ಬಂದು ಸೇರುತ್ತಿದ್ದರು. ಬಯಲಲ್ಲಿ ಉದ್ದನೆಯ ಮೇಜು. ನೆಲದಲ್ಲಿ ಗುಂಡಿ ತೋಡಿ, ಗಟ್ಟಿ ಮರ ಸುಟ್ಟು ಕೆಂಡ ಮಾಡಿ, ಅದರ ಮೇಲೆ ಕೋಳಿ, ಬಾತು, ಟರ್ಕಿ, ಹಂದಿ, ಕೆಲವು ಸಲ ಇಡೀ ಕಾಡುಗೂಳಿಯನ್ನೇ ಸುಡುತ್ತಿದ್ದರು. ಹಿಟ್ಟು ಕೊಟ್ಟು ಬಿಸ್ಕತ್ತು ಮಾಡಿಸುತ್ತಿದ್ದರು. ಪೀಚ್ ಹಣ್ಣಿನ ಮುರಬ್ಬ, ತರತರದ ಪೈಗಳು. ಮಿನ್ಸ್ ಪೈ ಒಂದು ಮಾತ್ರ ಇರಲಿಲ್ಲ, ಅದು ಆ ಸೀಮೆಗೆ ಇನ್ನೂ ಬಂದಿರಲಿಲ್ಲ ಎಂದು ನಾರ್ತಪ್ ತಮಾಷೆಯಾಗಿ ಸೇರಿಸುತ್ತಾನೆ. ಪ್ರಾಣ ಬಿಗಿಹಿಡಿದು ಹನ್ನೆರಡು ವರ್ಷ ಕಳೆದವನಿಗೆ ಈ ತಮಾಷೆ ಎಲ್ಲಿಂದ ಬಂತೋ!

ಇದನ್ನು ಓದಿದ ಪುರವಣಿಯ ಸಂಪಾದಕರು ಇಲ್ಲಿಗೇ ಪುಸ್ತಕ ಮುಚ್ಚಿ ‘ನೋಡಿ, ಎಷ್ಟು ಸೊಗಸಾದ ಊಟ’ ಎಂದಾರು. ಮುಚ್ಚಬೇಡಿ. ಅದೇ ಪುಸ್ತಕದಲ್ಲಿ ಇನ್ನೆರಡು ಲೆಕ್ಕಗಳಿವೆ. ಒಂದು, ಮಿಕ್ಕ ದಿನಗಳ ಪಡಿ. ಒಬ್ಬ ಆಳಿಗೆ ವಾರಕ್ಕೆ ಮೂರೂವರೆ ಪೌಂಡು, ಅಂದರೆ ಒಂದೂವರೆ ಕಿಲೋ ಚಿಲ್ಲರೆ ಉಪ್ಪುಹಂದಿ, ಒಂದಿಷ್ಟು ಮೆಕ್ಕೆಜೋಳ. ಅಷ್ಟೇ. ಜೋಳ ಬೀಸಿಕೊಳ್ಳುವುದು ಅವರೇ, ಅದೂ ಹೊಲದ ಕೆಲಸ ಮುಗಿದ ಮೇಲೆ, ರಾತ್ರಿ. ಹತ್ತಿ ಬಿಡಿಸುವ ಕಾಲದಲ್ಲಿ ದಿನಕ್ಕೆ ಇನ್ನೂರು ಪೌಂಡು ಬಿಡಿಸಬೇಕು, ತೂಕ ಕಡಿಮೆಯಾದರೆ ಬೆನ್ನಿಗೆ ಚಾಟಿ. ಎರಡನೆಯ ಲೆಕ್ಕ ಇನ್ನೂ ಮುಖ್ಯದ್ದು. ಆ ಬಯಲೂಟದ ದಿನ ಬಿಳಿಯರು ಗುಂಪು ಗುಂಪಾಗಿ ಬಂದು ನಿಂತು, ಗುಲಾಮರು ಉಣ್ಣುವುದನ್ನು ನೋಡುತ್ತಿದ್ದರು. ಮೇಜು ಹಾಕಿದ್ದು ನೋಡುವವರ ಸುಖಕ್ಕೂ ಹೌದು. ಹಸಿದವನು ಗಬಗಬ ಉಣ್ಣುವುದು ಹೊಟ್ಟೆ ತುಂಬಿದವನಿಗೆ ಒಂದು ಆಟ. ನಮ್ಮಲ್ಲಿ ಎಂಜಲೆಲೆಯ ಮೇಲೆ ಉರುಳಿಸುವವರನ್ನೂ ಉರುಳುವವರನ್ನೂ ಸುತ್ತ ನಿಂತು ಕೈಮುಗಿಯುವವರನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ನಾರ್ತಪ್ ಆ ಊಟವನ್ನು ಪ್ರೀತಿಯಿಂದ ಬರೆದಿದ್ದಾನೆ. ಜನ ನಕ್ಕದ್ದು, ಕುಣಿದದ್ದು, ಹುಡುಗ ಹುಡುಗಿಯರು ಎದುರುಬದುರು ಕೂತು ಕಣ್ಣಲ್ಲಿ ಮಾತಾಡಿದ್ದು, ಎಲ್ಲ ಇದೆ. ಆ ಸಂತೋಷ ಸುಳ್ಳಲ್ಲ. ಅದು ದಣಿ ಕೊಟ್ಟದ್ದಲ್ಲ ಅಷ್ಟೆ. ಬೇರೆ ಬೇರೆ ತೋಟಗಳಿಗೆ ಮಾರಿಹೋದ ಗಂಡ ಹೆಂಡತಿ ಅಣ್ಣ ತಮ್ಮ ವರ್ಷಕ್ಕೊಮ್ಮೆ ಮುಖ ನೋಡಿದಾಗ ಹುಟ್ಟಿದ್ದು.

ಫ್ರೆಡರಿಕ್ ಡಗ್ಲಸ್ ಇಷ್ಟು ಮೆತ್ತಗಿನ ಮನುಷ್ಯ ಅಲ್ಲ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಹೋಗಿ, 1845ರಲ್ಲಿ ತನ್ನ ಕಥೆ ಬರೆದವನು. ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗಿನ ರಜೆಯನ್ನು ಅವನು ಸೀಳಿ ಒಳಗೇನಿದೆ ತೋರಿಸಿಬಿಟ್ಟ. ಅವನ ಪ್ರಕಾರ ಆ ರಜೆ ಉಗಿಯಂತ್ರಕ್ಕೆ ಇಟ್ಟ ತೂತಿನಂಥದ್ದು. ಒಳಗಿನ ಒತ್ತಡ ಅಲ್ಲಿಂದ ಸುಯ್ಯೆಂದು ಹೋಗದಿದ್ದರೆ ಯಂತ್ರವೇ ಸಿಡಿದೀತು. ಅದಕ್ಕೇ ದಣಿಗಳು ಆ ವಾರ ವಿಸ್ಕಿ ಹರಿಸುತ್ತಿದ್ದರು. ಯಾರ ಆಳು ಹೆಚ್ಚು ಕುಡಿಯುತ್ತಾನೆ ಎಂದು ಪಂದ್ಯ ಕಟ್ಟುತ್ತಿದ್ದರು. ಹಬ್ಬದಲ್ಲಿ ಕುಡಿಯದವನನ್ನು, ಕೆಲಸ ಮಾಡುವವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ವಾರ ಮುಗಿಯುವ ಹೊತ್ತಿಗೆ ತಲೆಸಿಡಿತ, ಹೊಟ್ಟೆತೊಳಸು. ‘ಬಿಡುಗಡೆ ಅಂದ್ರೆ ಇಷ್ಟೇ ಏನಪ್ಪಾ? ಇದಕ್ಕಿಂತ ದಣಿಯ ಹೊಲವೇ ವಾಸಿ’ ಎಂದು ಗುಲಾಮ ತಾನಾಗಿ ನೊಗಕ್ಕೆ ಕತ್ತು ಕೊಡಬೇಕು. ಡಗ್ಲಸ್ ಹೇಳುವ ಇನ್ನೊಂದು ಸಂಗತಿ ಕೇಳಿ. ಒಬ್ಬ ಗುಲಾಮ ಕಾಕಂಬಿಯ ಆಸೆಗೆ ಕದ್ದು ತಿಂದ. ದಣಿ ಹೊಡೆಯಲಿಲ್ಲ; ಪೇಟೆಯಿಂದ ಕೀಳು ಕಾಕಂಬಿ ರಾಶಿ ತರಿಸಿ, ಆ ಹೆಸರೆತ್ತಿದರೆ ಸಾಕು ವಾಂತಿ ಬರುವಷ್ಟು ತಿನ್ನಿಸಿದ. ಆಸೆಯನ್ನು ಹೊಡೆದು ಸಾಯಿಸುವುದಕ್ಕಿಂತ ತುರುಕಿ ಸಾಯಿಸುವುದು ಸಲೀಸು. ಹಬ್ಬದ ವಿಸ್ಕಿಯ ತಂತ್ರವೂ ಅದೇ.

ಅದೇ ಡಗ್ಲಸ್ ಹುಡುಗನಾಗಿದ್ದಾಗ ಉಂಡದ್ದು ಹೇಗೆ? ಮೆಕ್ಕೆಜೋಳದ ಅಂಬಲಿಯನ್ನು ಮರದ ಬಾನಿಗೆ ಸುರಿದು ನೆಲದ ಮೇಲಿಡುತ್ತಿದ್ದರು. ಹಂದಿಮರಿಗಳನ್ನು ಕರೆದಂತೆ ಮಕ್ಕಳನ್ನು ಕರೆಯುತ್ತಿದ್ದರು. ಮಕ್ಕಳು ಸಿಂಪಿಚಿಪ್ಪಿನಲ್ಲಿ, ಮರದ ಚಕ್ಕೆಯಲ್ಲಿ, ಬರಿಗೈಯಲ್ಲಿ ಬಾಚಿಕೊಳ್ಳಬೇಕು. ಜೋರಾಗಿ ತಿಂದವನಿಗೆ ಹೆಚ್ಚು. ಪಕ್ಕದಲ್ಲೇ ದಣಿಯ ಹಣ್ಣಿನ ತೋಟ, ಅದರ ಬೇಲಿಗೆ ಡಾಂಬರು. ಮೈಗೆ ಡಾಂಬರಿನ ಗುರುತು ಕಂಡವನಿಗೆ ಚಾಟಿ, ಹಣ್ಣು ತಿಂದಿರಲಿ ಬಿಡಲಿ. ಮೈಮೇಲೆ ಗುರುತು ಹಚ್ಚಿ ಕಳ್ಳ ಎನ್ನುವ ಈ ನ್ಯಾಯ ಎಲ್ಲ ಕಡೆ ಒಂದೇ.

ಕಳ್ಳತನದ ಮಾತು ಬಂದಿದ್ದರಿಂದ ಬುಕರ್ ಟಿ. ವಾಷಿಂಗ್ಟನ್ ಬಗ್ಗೆ ಹೇಳಬೇಕು. ಗುಲಾಮನಾಗಿ ಹುಟ್ಟಿ, ಅಲಬಾಮಾದ ಟಸ್ಕೀಗಿಯಲ್ಲಿ 1881ರಲ್ಲಿ ಶಾಲೆ ಕಟ್ಟಿದವನು. ಅವನ ಆತ್ಮಕಥೆ ಬಂದದ್ದು 1901ರಲ್ಲಿ. ಅದರ ಮೊದಲ ಪುಟಗಳಲ್ಲೇ ಅವನ ತಾಯಿ ನಡುರಾತ್ರಿ ಕೋಳಿ ಬೇಯಿಸಿ ಮಕ್ಕಳನ್ನು ಎಬ್ಬಿಸಿ ಉಣ್ಣಿಸುತ್ತಾಳೆ. ಕೋಳಿ ಎಲ್ಲಿಂದ ಬಂತು? ದಣಿಯ ತೋಟದಿಂದಲೇ ಇರಬೇಕು. ಅದನ್ನು ಕಳ್ಳತನ ಎಂದು ಕರೆಯಲು ಮಗ ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಇನ್ನೊಂದು ಕಡೆ, ದಣಿಯ ಮನೆಯ ಹೆಣ್ಣುಮಕ್ಕಳು ಅಂಗಳದಲ್ಲಿ ಕೂತು ಶುಂಠಿ ಕೇಕು ತಿನ್ನುವುದನ್ನು ಆ ಹುಡುಗ ನೋಡುತ್ತಾನೆ. ಎಂದಾದರೂ ಬಿಡುಗಡೆಯಾದರೆ ಅಂಥ ಕೇಕು ತಿನ್ನುವಷ್ಟು ಆದರೆ ಸಾಕು, ಅದೇ ಬದುಕಿನ ತುದಿ ಎಂದುಕೊಳ್ಳುತ್ತಾನೆ. ಸ್ವಾತಂತ್ರ್ಯ ಎಂಬ ದೊಡ್ಡ ಪದಕ್ಕೆ ಮಗುವಿನ ನಾಲಿಗೆಯಲ್ಲಿ ಇದ್ದ ರುಚಿ ಶುಂಠಿ ಕೇಕಿನದ್ದು. ಇದನ್ನು ಓದುವಾಗ ನಮಗೆ ಗಂಟಲು ಕಟ್ಟುತ್ತದೆ.

ಆದರೆ ಅದೇ ಮನುಷ್ಯ ದೊಡ್ಡವನಾಗಿ, ಮೇಷ್ಟರಾಗಿ, ಟಸ್ಕೀಗಿಯ ಸುತ್ತಿನ ಹಳ್ಳಿಗಳಲ್ಲಿ ತಾನು ಕಂಡ ಮೊದಲ ಕ್ರಿಸ್‌ಮಸ್ ಬಗ್ಗೆ ಬರೆಯುವಾಗ ದನಿ ಬದಲಾಗುತ್ತದೆ. ಜನ ವಾರಗಟ್ಟಲೆ ಕೆಲಸ ಬಿಟ್ಟರು, ಕುಡಿದರು, ಪಟಾಕಿ ಬಂದೂಕು ಹಾರಿಸಿದರು. ಒಂದು ಮನೆಯಲ್ಲಿ ಐದು ಮಕ್ಕಳಿಗೆ ಹಬ್ಬವೆಂದರೆ ಹಂಚಿಕೊಳ್ಳಲು ಒಂದು ಪಟಾಕಿ ಸರ. ಇನ್ನೊಂದು ಮನೆಯಲ್ಲಿ ಆರೇಳು ಜನಕ್ಕೆ ಹತ್ತು ಸೆಂಟಿನ ಶುಂಠಿ ಕೇಕು. ಮತ್ತೊಂದರಲ್ಲಿ ನಾಲ್ಕು ಜಲ್ಲೆ ಕಬ್ಬು. ಇನ್ನೊಂದರಲ್ಲಿ ಒಂದು ಜಾಡಿ ವಿಸ್ಕಿ, ಅದನ್ನು ಗಂಡ ಹೆಂಡತಿ ಇಬ್ಬರೂ ಕುಡಿಯುತ್ತಿದ್ದರು. ಇವರಿಗೆ ಹಬ್ಬ ಮಾಡುವುದು ಗೊತ್ತಿಲ್ಲ, ಕಲಿಸಬೇಕು ಎಂಬುದು ಅವನ ಧೋರಣೆ. ಹಳ್ಳಿಗಳಲ್ಲಿರುವ ನಮ್ಮ ಮೇಷ್ಟ್ರು ಗೆಳೆಯರು ಸಿಟ್ಟಾಗಬಾರದು, ಆದರೆ ಈ ದನಿ ನಮ್ಮಲ್ಲೂ ಇದೆ. ಓದಿ ನೌಕರಿ ಹಿಡಿದ ಮೇಲೆ ಕೇರಿಗೆ ಬಂದು ‘ನಿಮ್ಮ ಹಬ್ಬ ಅಂದ್ರೆ ಬರೀ ಹೆಂಡ, ಬರೀ ಬಾಡು’ ಎನ್ನುವ ದನಿ. ಹದಿನಾರು ವರ್ಷದ ಹಿಂದೆ ಕೊಂಡು ಮಾರುವ ಸಾಮಾನಾಗಿದ್ದ ಜನ, ಪಾಲುಗಾರಿಕೆಯ ಸಾಲದಲ್ಲಿ ಕತ್ತಿನವರೆಗೆ ಹೂತುಹೋಗಿದ್ದ ಜನ, ನಾಲ್ಕು ಜಲ್ಲೆ ಕಬ್ಬಿನಲ್ಲಿ ಹಬ್ಬ ಮಾಡಿದರು. ಆ ನಾಲ್ಕು ಜಲ್ಲೆಯಲ್ಲಿ ಬಡತನ ಕಾಣಬೇಕಿತ್ತು. ಮೇಷ್ಟರಿಗೆ ಕಂಡದ್ದು ಅಜ್ಞಾನ. ಶುಂಠಿ ಕೇಕಿಗೆ ಬಾಯಿ ಬಿಟ್ಟ ಆ ಹುಡುಗ ಎಲ್ಲಿ ಹೋದ?

ಹೆಂಡದ ವಿಷಯದಲ್ಲಿ ನಾವು ಡಗ್ಲಸ್ ಕಡೆ. ಇಲ್ಲೂ ಚುನಾವಣೆ ಹಿಂದಿನ ರಾತ್ರಿ ಕೇರಿಗೆ ಬರುವ ಪ್ಯಾಕೆಟ್ಟು ಯಾವ ಯಂತ್ರದ ತೂತು ಎಂದು ನಮಗೆ ಗೊತ್ತು. ಆದರೆ ಡಗ್ಲಸ್ ಬೆರಳು ತೋರಿಸಿದ್ದು ಸುರಿಯುವ ಕೈಗೆ. ವಾಷಿಂಗ್ಟನ್ ತೋರಿಸಿದ್ದು ಕುಡಿಯುವ ಬಾಯಿಗೆ. ವ್ಯತ್ಯಾಸ ಅಲ್ಲಿದೆ.

ಇನ್ನು ಒಬ್ಬ ಹೆಂಗಸಿನ ಪುಸ್ತಕ. ನಮ್ಮ ಪ್ರಕಾರ ಕ್ರಿಸ್‌ಮಸ್ ಊಟದ ಬಗ್ಗೆ ಇದಕ್ಕಿಂತ ದೊಡ್ಡ ಬರಹ ಇಲ್ಲ. ಹ್ಯಾರಿಯೆಟ್ ಜೇಕಬ್ಸ್, ನಾರ್ತ್ ಕೆರೊಲಿನಾದ ಈಡೆನ್‌ಟನ್ ಊರಿನವಳು. 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿಟ್ಟುಕೊಂಡು ತನ್ನ ಕಥೆ ಪ್ರಕಟಿಸಿದಳು. ಅವಳಿದ್ದ ಮನೆಯ ದೊರೆಸಾನಿ ಭಾನುವಾರದ ಅಡುಗೆ ಬಡಿಸಿಕೊಂಡ ಮೇಲೆ ಅಡುಗೆಮನೆಗೆ ಬಂದು, ಖಾಲಿಯಾದ ಪಾತ್ರೆ ಬಾಣಲೆಗಳಿಗೆಲ್ಲ ಉಗುಳುತ್ತಿದ್ದಳು. ಯಾಕೆ? ತಳಕ್ಕಂಟಿದ ಸಾರನ್ನು ಅಡುಗೆಯವಳೂ ಅವಳ ಮಕ್ಕಳೂ ಬಳಿದು ತಿನ್ನಬಾರದು ಅಂತ. ದೊರೆ ಡಾಕ್ಟರ್ ಇನ್ನೊಂದು ಕೈ ಮೇಲು. ಅಡುಗೆ ರುಚಿಯಾಗಿಲ್ಲ ಎಂದರೆ ಅಡುಗೆಯವಳಿಗೆ ಚಾಟಿ, ಇಲ್ಲವೇ ಅವನ ಕಣ್ಣೆದುರೇ ಅಷ್ಟನ್ನೂ ಉಸಿರುಕಟ್ಟುವ ಹಾಗೆ ಅವಳ ಗಂಟಲಿಗೆ ತುರುಕಿಸುವುದು. ಎಂಜಲನ್ನು ಕೊಡುವವರನ್ನು ನಾವು ನೋಡಿದ್ದೇವೆ. ಕೊಡಬಾರದೆಂದೇ ಉಗುಳಿ ಎಂಜಲು ಮಾಡುವ ಈ ಮಡಿವಂತಿಕೆಗೆ ಯಾವ ಶಾಸ್ತ್ರದ ಆಧಾರವಿತ್ತೋ ಆ ದೊರೆಸಾನಿಯನ್ನೇ ಕೇಳಬೇಕು. ಆಕೆ ಚರ್ಚಿಗೆ ತಪ್ಪದೆ ಹೋಗುತ್ತಿದ್ದವಳು.

ಹ್ಯಾರಿಯೆಟ್‌ಳ ಅಜ್ಜಿ ಮೊಲ್ಲಿ ಹಾರ್ನಿಬ್ಲೋ ಊರಿಗೆಲ್ಲ ಹೆಸರಾದ ಅಡುಗೆಯವಳು. ದಣಿಮನೆಯ ಕೆಲಸ ಪೂರ್ತಿ ಮುಗಿದ ಮೇಲೆ ನಡುರಾತ್ರಿ ಬಿಸ್ಕತ್ತು ಸುಟ್ಟು ಮಾರುತ್ತಿದ್ದಳು. ಅದಕ್ಕೆ ಅಪ್ಪಣೆ ಸಿಕ್ಕಿದ್ದು ತನ್ನ ಬಟ್ಟೆ, ಮಕ್ಕಳ ಬಟ್ಟೆ ಎಲ್ಲ ಅದರಲ್ಲೇ ನೋಡಿಕೊಳ್ಳಬೇಕು ಎಂಬ ಕರಾರಿನ ಮೇಲೆ. ಹಾಗೆ ಕಾಸಿಗೆ ಕಾಸು ಸೇರಿಸಿ ಮಕ್ಕಳನ್ನು ಕೊಂಡು ಬಿಡಿಸಿಕೊಳ್ಳಲು 300 ಡಾಲರ್ ಕೂಡಿಟ್ಟಳು. ದೊರೆಸಾನಿ ಸಾಲ ಕೇಳಿದಳು, ಇವಳು ಕೊಟ್ಟಳು. ದೊರೆಸಾನಿ ಸತ್ತಾಗ, ಗುಲಾಮಳ ಸಾಲಕ್ಕೆ ಕಾನೂನಿನ ಬೆಲೆ ಇಲ್ಲ ಎಂದು ಅಳಿಯ ಡಾಕ್ಟರ್ ಕೈ ಝಾಡಿಸಿದ. ಆ ದುಡ್ಡಿನಲ್ಲಿ ಕೊಂಡಿದ್ದ ಬೆಳ್ಳಿಯ ದೀಪದ ಕಂಬವನ್ನು ಮಾತ್ರ ತಾನೇ ಇಟ್ಟುಕೊಂಡ. ಹಬ್ಬದ ಮೇಜಿನ ಮೇಲೆ ಬೆಳ್ಳಿ ದೀಪ ಬೆಳಗುವ ಚಿತ್ರ ನೋಡಿದಾಗಲೆಲ್ಲ ಅದರೊಳಗೆ ಎಷ್ಟು ರಾತ್ರಿಗಳ ಬಿಸ್ಕತ್ತಿದೆ ಎಂದು ನಾವು ಎಣಿಸುತ್ತೇವೆ.

ಡಾಕ್ಟರನ ಕಾಮದ ಕಾಟ ತಾಳಲಾರದೆ ಹ್ಯಾರಿಯೆಟ್ 1835ರಲ್ಲಿ ಓಡಿಹೋದಳು. ಹಿಡಿದುಕೊಟ್ಟವರಿಗೆ ಬಹುಮಾನ ಎಂದು ಡಾಕ್ಟರ್ ಸಾರಿಸಿದ. ಅವಳು ಇದ್ದದ್ದು ಬಹಳ ದೂರದಲ್ಲೇನಲ್ಲ. ಆ ಹೊತ್ತಿಗೆ ಬಿಡುಗಡೆ ಪಡೆದಿದ್ದ ಅಜ್ಜಿಯ ಮನೆಗೆ ಅಂಟಿದ ಕೊಟ್ಟಿಗೆಯ ಅಟ್ಟದಲ್ಲಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರದ ಜಾಗದಲ್ಲೂ ಮೂರೇ ಅಡಿ. ಬೆಳಕಿಲ್ಲ, ಗಾಳಿಯಿಲ್ಲ, ಇಲಿಗಳ ಓಡಾಟ. ಅಲ್ಲಿ ಅವಳು ಹತ್ತಿರ ಹತ್ತಿರ ಏಳು ವರ್ಷ ಇದ್ದಳು. ಅಲ್ಲಿ ಕಳೆದ ಮೊದಲ ಕ್ರಿಸ್‌ಮಸ್ಸಿನ ಕಥೆ ಇದು.

ಅಜ್ಜಿ ವರ್ಷವೂ ಒಂದು ಟರ್ಕಿ, ಒಂದು ಹಂದಿ ಸುಡುವ ಪದ್ಧತಿ ಇಟ್ಟುಕೊಂಡಿದ್ದಳು. ಅವಳೇ ಸಾಕಿದ್ದು. ಉಳಿದ ಗುಲಾಮರಲ್ಲಿ ನಾಲ್ಕು ಕಾಸು ಇದ್ದವರು ಊಟಕ್ಕೇ ಖರ್ಚು ಮಾಡುತ್ತಿದ್ದರು. ಕೆಲವರು ದಣಿಯ ಕೋಳಿ ಹಂದಿಗಳನ್ನು ‘ಅಪ್ಪಣೆಯೇ ಬುದ್ಧಿ’ ಎನ್ನದೆ ಎತ್ತುತ್ತಿದ್ದರು. ಅದೂ ಆಗದವರು ಕಾಡಿನ ಪಾಸಮ್ಮನ್ನೋ ರಕೂನನ್ನೋ ಹಿಡಿದು ಬೇಯಿಸುತ್ತಿದ್ದರು. ಆ ವರ್ಷ ಅಜ್ಜಿ ಊಟಕ್ಕೆ ಕರೆದದ್ದು ಇಬ್ಬರನ್ನು. ಒಬ್ಬ ಊರ ಪೇದೆ. ರಾತ್ರಿ ಒಂಬತ್ತರ ಮೇಲೆ ಹೊರಗೆ ಸಿಕ್ಕ ಗುಲಾಮನಿಗೆ ಮನಸ್ಸು ಬಂದಷ್ಟು ಹೊಡೆಯುವ ಅಧಿಕಾರ ಇದ್ದವನು. ಇನ್ನೊಬ್ಬ ಸ್ವತಂತ್ರನಾದ ಕರಿಯ; ಬಿಳಿಯನೆಂದು ತೋರಿಸಿಕೊಳ್ಳಲು ಒದ್ದಾಡುತ್ತ, ಬಿಳಿಯರ ಕಾಲು ನೆಕ್ಕುತ್ತ, ಹ್ಯಾರಿಯೆಟ್‌ಳನ್ನು ಹುಡುಕಲು ಎಷ್ಟೋ ರಾತ್ರಿ ಅಲೆದವನು. ಇಂಥವರನ್ನು ಹಬ್ಬಕ್ಕೆ ಯಾರು ಕರೆಯುತ್ತಾರೆ? ಅಜ್ಜಿ ಕರೆದಳು. ಚೆನ್ನಾಗಿ ಬಡಿಸಿದಳು. ಕೆಳಗಿನ ಕೋಣೆಗಳ ಬಾಗಿಲೆಲ್ಲ ಹಾರುಹೊಡೆದಿಟ್ಟಿದ್ದಳು. ಊಟವಾದ ಮೇಲೆ, ಮಗ ತಂದ ಹಾಡುಹಕ್ಕಿ ತೋರಿಸುತ್ತೇನೆ ಬನ್ನಿ ಎಂದು ಮಹಡಿಗೂ ಕರೆದೊಯ್ದಳು. ಅಲ್ಲೂ ಬಾಗಿಲೆಲ್ಲ ತೆರೆದಿದ್ದವು. ನೋಡಿಕೊಳ್ಳಿ, ಮನೆಯಲ್ಲಿ ಯಾರೂ ಅಡಗಿಲ್ಲ. ಜಗಲಿಯಲ್ಲಿ ಅವರ ಮಾತು ಕೇಳಿ ಅಟ್ಟದಲ್ಲಿದ್ದವಳ ಎದೆ ನಿಂತೇಹೋಗುವಂತಾಯಿತು. ಹೊರಡುವಾಗ ಅಜ್ಜಿ ಇಬ್ಬರಿಗೂ, ಮನೆಯ ಹೆಂಗಸರಿಗೆ ಕೊಡಿ ಎಂದು ತಾನು ಮಾಡಿದ ಪುಡ್ಡಿಂಗು ಕಟ್ಟಿಕೊಟ್ಟಳು. ಅವರು ಗೇಟು ದಾಟಿ ಹೋಗುವುದನ್ನು ಮೊಮ್ಮಗಳು ಗೋಡೆಯ ಸಣ್ಣ ತೂತಿನಿಂದ ನೋಡಿದಳು.

ಆ ಬೆಳಿಗ್ಗೆ ಅದೇ ತೂತಿನಿಂದ ಅವಳು ಹೊಸ ಬಟ್ಟೆ ತೊಟ್ಟ ತನ್ನ ಮಕ್ಕಳನ್ನೂ ನೋಡಿದ್ದಳು. ಬಟ್ಟೆ ಹೊಲಿದವಳು ಅವಳೇ, ಆ ಅಟ್ಟದಲ್ಲಿ ಕೂತು. ಸಾಂಟಾಕ್ಲಾಸ್ ಗೀಂಟಾಕ್ಲಾಸ್ ಯಾರೂ ಇಲ್ಲ, ತಾಯಂದಿರೇ ತಂದಿಡುವುದು ಎಂದು ಜೊತೆಯ ಹುಡುಗ ಹೇಳಿದ. ಇವಳ ಮಗ ಒಪ್ಪಲಿಲ್ಲ. ನಮಗೆ ಬಟ್ಟೆ ಬಂದಿದೆಯಲ್ಲ, ನಮ್ಮ ತಾಯಿ ಊರು ಬಿಟ್ಟು ಎಷ್ಟು ಕಾಲವಾಯ್ತು ಎಂದು ವಾದಿಸಿದ. ತಾಯಿ ಮಾತಾಡುವಂತಿರಲಿಲ್ಲ.

ಪುರವಣಿ ಬರೆಯುವವರೇ, ಹಬ್ಬದ ಊಟ ಎಂದರೆ ಆತ್ಮೀಯತೆ, ಹಂಚಿಕೆ ಎನ್ನುತ್ತೀರಿ. ಆ ಮುದುಕಿಗೆ ಆ ಊಟ ಮೊಮ್ಮಗಳ ಪ್ರಾಣ ಕಾಯುವ ಹತಾರ. ಶತ್ರುವಿಗೆ ಪುಡ್ಡಿಂಗು ತಿನ್ನಿಸಿ ಕಣ್ಣು ಕಟ್ಟಿದವಳನ್ನು ನೀವು ಯಾವ ಪಾಕಶಾಸ್ತ್ರದಲ್ಲಿ ಸೇರಿಸುತ್ತೀರಿ?

ಅದೇ ಊರಿನ ಹಬ್ಬದ ಇನ್ನೊಂದು ಪದ್ಧತಿಯನ್ನೂ ಅವಳು ಬರೆದಿದ್ದಾಳೆ, ಅಲ್ಲಿ ಜಾನ್ ಕನೂ ಎನ್ನುತ್ತಿದ್ದರು. ತೋಟದ ಆಳುಗಳು ನೂರು ನೂರು ಜನ ಗುಂಪು ಕಟ್ಟಿ, ಬಣ್ಣದ ಚಿಂದಿ ತೊಟ್ಟು, ಬೆನ್ನಿಗೆ ಹಸುವಿನ ಬಾಲ, ತಲೆಗೆ ಕೊಂಬು ಕಟ್ಟಿಕೊಂಡು, ಕುರಿಚರ್ಮದ ವಾದ್ಯ ಬಡಿಯುತ್ತ ಬಿಳಿಯರ ಬಾಗಿಲು ಬಾಗಿಲಿಗೆ ಹೋಗುತ್ತಿದ್ದರು. ಕಾಸೋ ರಮ್ಮೋ ಕೇಳುವುದು. ಸಿಕ್ಕ ರಮ್ಮನ್ನು ಅಲ್ಲಿ ಕುಡಿಯದೆ ಜಾಡಿಯಲ್ಲಿ ಮನೆಗೆ ಒಯ್ಯುವುದು. ಕೊಡದ ದಣಿಯ ಬಾಗಿಲಲ್ಲೇ ಅವನನ್ನು ಬಡವ, ಕಾಸಿಲ್ಲದವ ಎಂದು ಹಂಗಿಸಿ ಹಾಡುವುದು. ಹಾಡುಗಳನ್ನು ಒಂದು ತಿಂಗಳು ಮುಂಚಿನಿಂದಲೇ ಕಟ್ಟುತ್ತಿದ್ದರು. ತಮಟೆ ಹಿಡಿದು ಊರ ಬಾಗಿಲಿಗೆ ಹೋದವರ ಮಕ್ಕಳಾದ ನಮಗೆ ಈ ಕೊಂಬು, ಈ ಚರ್ಮ, ಈ ಹಂಗಿಸುವ ಹಾಡು ಪರಕೀಯ ಅನ್ನಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಜನವರಿ 1. ದಕ್ಷಿಣದಲ್ಲಿ ಅದು ಆಳುಗಳನ್ನು ಬಾಡಿಗೆಗೆ ಕೊಡುವ, ಮಾರುವ ದಿನ. ಹಬ್ಬದ ಊಟದ ಬಾಯಿ ಆರುವ ಮೊದಲೇ ಯಾರು ಯಾವ ದಣಿಗೆ ಎಂದು ತೀರ್ಮಾನ. ಏಳು ಮಕ್ಕಳನ್ನು ಹರಾಜು ಕಟ್ಟೆಗೆ ಕರೆತಂದ ಒಬ್ಬ ತಾಯಿಯನ್ನು ಹ್ಯಾರಿಯೆಟ್ ಕಂಡಿದ್ದಳು. ಸಂಜೆಯೊಳಗೆ ಏಳೂ ಹೋದವು. ನಮ್ಮ ಸೀಮೆಯಲ್ಲಿ ಜೀತದ ವರ್ಷ ಯುಗಾದಿಯಿಂದ ಯುಗಾದಿಗೆ ಎಂಬುದನ್ನು ಹಿರಿಯರನ್ನು ಕೇಳಿ ತಿಳಿಯಿರಿ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ, ಅದರ ಆಚೆಗೂ, ಬೇವುಬೆಲ್ಲ ತಿಂದ ದಿನವೇ ಮಗ ಯಾರ ಕೊಟ್ಟಿಗೆಗೆ ಎಂಬ ಮಾತು ನಡೆದ ಮನೆಗಳಿವೆ. ಎಲ್ಲರೂ ಸಮನಾಗಿ ಬೇವುಬೆಲ್ಲ ತಿನ್ನುತ್ತಾರೆ ಎಂದು ಪಾಠಪುಸ್ತಕ ಹೇಳುತ್ತದೆ. ಮೇಷ್ಟ್ರುಗಳೇ, ಆ ಪಾಠ ಮಾಡುವಾಗ ಇದನ್ನೂ ಒಂದು ಮಾತು ಹೇಳಿ.

ಹಂದಿ ಕೊಯ್ಯುವ ಕಾಲವೂ ಡಿಸೆಂಬರೇ, ಚಳಿಯಲ್ಲಿ ಮಾಂಸ ಕೆಡುವುದಿಲ್ಲ. ಕೊಯ್ದು ಉಪ್ಪು ಹಚ್ಚಿ ಹೊಗೆ ಹಾಕುವವರು ಗುಲಾಮರು. ತೊಡೆ, ಸೊಂಟ ದಣಿಗೆ. ಕರುಳು, ಕಾಲು, ಕಿವಿ, ತಲೆ ಇವರಿಗೆ. ಆ ಕರುಳನ್ನು ಗಂಟೆಗಟ್ಟಲೆ ತೊಳೆದು ಬೇಯಿಸಿ ಚಿಟ್ಲಿನ್ಸ್ ಎಂಬ ಅಡುಗೆ ಮಾಡಿದರು. ಇವತ್ತಿಗೂ ಎಷ್ಟೋ ಕರಿಯರ ಮನೆಯಲ್ಲಿ ಕ್ರಿಸ್‌ಮಸ್ಸಿಗೆ, ಹೊಸವರ್ಷಕ್ಕೆ ಅದು ಬೇಕೇ ಬೇಕು. ಜೊತೆಗೆ ಸೊಪ್ಪು, ಅಲಸಂದೆ ಕಾಳು. ಇದು ನಮ್ಮ ಹೆಮ್ಮೆಯ ಅಡುಗೆ ಎನ್ನುವವರೂ ಇದ್ದಾರೆ, ದಣಿ ಎಸೆದದ್ದನ್ನು ಇನ್ನೂ ಯಾಕೆ ತಿನ್ನಬೇಕು ಎನ್ನುವವರೂ ಇದ್ದಾರೆ. ಈ ಜಗಳ ನಮ್ಮ ಮನೆಯದ್ದೂ ಹೌದು. ಬಾಬಾಸಾಹೇಬರು 1927ರ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟರು, ಕರೆಗೆ ಕಾರಣವಿತ್ತು. ಬೋಟಿ, ತಲೆಕಾಲು, ರಕ್ತದ ಪಲ್ಯ ನಮ್ಮ ಅವ್ವಂದಿರ ಕೈಚಳಕ ಎಂದು ಈಗಿನ ಹುಡುಗರು ಬರೆಯುತ್ತಾರೆ, ಅದಕ್ಕೂ ಕಾರಣವಿದೆ. ಬಿಡುವುದಾದರೂ ಉಣ್ಣುವುದಾದರೂ ತೀರ್ಮಾನ ನಮ್ಮದಿರಬೇಕು, ಅಷ್ಟೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದವರು ಮಾಂಸದೂಟವನ್ನು ಹೆಂಡ ತಂಬಾಕಿನ ಸಾಲಿಗೆ ಸೇರಿಸಿ ನಿಷೇಧದ ಪಟ್ಟಿ ಹಾಕಿದಾಗ ಮಂಡ್ಯದ ಜನ ಸಿಟ್ಟಾದದ್ದು ಬಾಡಿನ ಆಸೆಗಲ್ಲ, ಈ ತೀರ್ಮಾನದ ಹಕ್ಕಿಗೆ.

ಇನ್ನು ಆ ಪುಡ್ಡಿಂಗಿನ ಸಕ್ಕರೆ. ಇಂಗ್ಲೆಂಡಿನ ಹಬ್ಬದ ಸಿಹಿ ಬಹುಕಾಲ ಜಮೈಕದಂಥ ದ್ವೀಪಗಳ ಗುಲಾಮರ ಬೆವರು. ಅದನ್ನು ಅರಿತ ಸಾವಿರಾರು ಇಂಗ್ಲಿಷ್ ಮನೆಗಳು 1791ರಿಂದೀಚೆಗೆ ಆ ಸಕ್ಕರೆ ಬಿಟ್ಟವು, ಬಿಟ್ಟವರಲ್ಲಿ ಹೆಂಗಸರೇ ಮುಂದು. ಆದರೆ ಬೀಗ ಒಡೆದವರು ಗುಲಾಮರೇ. 1831ರ ಕ್ರಿಸ್‌ಮಸ್. ಸ್ಯಾಮ್ ಶಾರ್ಪ್ ಎಂಬ ಗುಲಾಮ, ಬ್ಯಾಪ್ಟಿಸ್ಟ್ ಸಭೆಯ ಉಪದೇಶಿ, ಜಮೈಕದಲ್ಲಿ ಮಾತು ಹಬ್ಬಿಸಿದ: ಹಬ್ಬ ಉಣ್ಣೋಣ, ಹಬ್ಬ ಮುಗಿದ ಮೇಲೆ ಕೂಲಿ ಕೊಡದೆ ಕಬ್ಬಿಗೆ ಕೈ ಹಚ್ಚುವುದು ಬೇಡ. ಡಿಸೆಂಬರ್ 27ರ ರಾತ್ರಿ ತೋಟಗಳಿಗೆ ಬೆಂಕಿ ಬಿತ್ತು. ಸುಮಾರು 60,000 ಜನ ಎದ್ದರು. ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೆ, ಗುಂಡಿಗೆ ಕೊಟ್ಟರು. 1832ರ ಮೇ 23ರಂದು ಶಾರ್ಪ್‌ನನ್ನೂ ನೇಣಿಗೆ ಹಾಕಿದರು. ಮರುವರ್ಷ ಗುಲಾಮಗಿರಿ ರದ್ದಿಗೆ ಕಾಯ್ದೆಯಾಯಿತು. 2 ಕೋಟಿ ಪೌಂಡು ಪರಿಹಾರ ಸಿಕ್ಕಿತು. ಯಾರಿಗೆ? ದಣಿಗಳಿಗೆ! ಡಗ್ಲಸ್ ಹೇಳಿದ ತೂತನ್ನು ಜಮೈಕದವರು ಮುಚ್ಚಿ ತೋರಿಸಿದರು, ಯಂತ್ರ ಸಿಡಿಯಿತು. ಅಮೆರಿಕದ ದಣಿಗಳಿಗೂ ಈ ಭಯ ಹೋಗಲಿಲ್ಲ. 1865ರ ಕ್ರಿಸ್‌ಮಸ್ಸಿನಲ್ಲಿ, ಬಿಡುಗಡೆಯಾದ ಕರಿಯರು ಭೂಮಿಗಾಗಿ ದಂಗೆ ಏಳುತ್ತಾರೆ ಎಂದು ದಕ್ಷಿಣವೆಲ್ಲ ನಡುಗಿತು. ದಂಗೆಯೂ ಆಗಲಿಲ್ಲ, ಭೂಮಿಯೂ ಸಿಗಲಿಲ್ಲ.

1927ರಲ್ಲಿ ಬ್ರಿಟಿಷ್ ಸರ್ಕಾರದ ಎಂಪೈರ್ ಮಾರ್ಕೆಟಿಂಗ್ ಬೋರ್ಡು ‘ಸಾಮ್ರಾಜ್ಯದ ಕ್ರಿಸ್‌ಮಸ್ ಪುಡ್ಡಿಂಗ್’ ಎಂಬುದನ್ನು ಪ್ರಚಾರ ಮಾಡಿತು. ದೊರೆಯ ಅಡುಗೆಯವನೇ ಕೊಟ್ಟ ಪಾಕ, 17 ಸಾಮಾನು, ಪ್ರತಿಯೊಂದೂ ಸಾಮ್ರಾಜ್ಯದ ಒಂದೊಂದು ಮೂಲೆಯದು. ಆಸ್ಟ್ರೇಲಿಯದ ದ್ರಾಕ್ಷಿ, ವೆಸ್ಟ್ ಇಂಡೀಸಿನ ಸಕ್ಕರೆ, ಜಮೈಕದ ರಮ್ಮು, ಸಿಲೋನಿನ ಚಕ್ಕೆ, ಜಾಂಜಿಬಾರಿನ ಲವಂಗ. ಇಂಡಿಯಾದ ಪಾಲು ಒಂದು ಚಿಕ್ಕ ಚಮಚ ಮಸಾಲೆ ಪುಡಿ. ಆ ವರ್ಷದ ಡಿಸೆಂಬರ್ 25ರಂದು ದೊರೆಯ ಮೇಜಿಗೆ ಪುಡ್ಡಿಂಗು ಬರುವ ದಿನವೇ ಇಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರ ಜೊತೆ ಸೇರಿದ ಜನ ಮನುಸ್ಮೃತಿಗೆ ಬೆಂಕಿ ಇಟ್ಟರು. ನಮ್ಮ ಪುರವಣಿಗಳಿಗೆ ಈ ಡಿಸೆಂಬರ್ 25 ಗೊತ್ತಿಲ್ಲ.

ಇನ್ನೊಂದು ಡಿಸೆಂಬರ್ 25 ಕೂಡ ಗೊತ್ತಿಲ್ಲ. ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿ, 1968. ಕೂಲಿ ಭತ್ತ ಹೆಚ್ಚಿಸಿ ಎಂದು ದಲಿತ ಕೂಲಿಗಳು ಕೇಳಿದರು. ದಣಿಗಳು ಹಬ್ಬದೂಟ ಹಾಕಿದ್ದರೆ ಹಾಕುತ್ತಿದ್ದರೇನೋ. ಅಳತೆಯ ಭತ್ತ ಕೇಳಿದ್ದು ಅವರಿಗೆ ತಡೆಯಲಾಗಲಿಲ್ಲ. ಆ ರಾತ್ರಿ ಜನ ಓಡಿ ಒಂದು ಗುಡಿಸಲು ಸೇರಿದರು. ಗುಡಿಸಲಿಗೆ ಬೆಂಕಿ ಹಚ್ಚಿದರು. ಸುಟ್ಟುಹೋದವರು 44 ಜನ, ಹೆಚ್ಚಿನವರು ಹೆಂಗಸರು ಮಕ್ಕಳು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ ದಣಿಗಳನ್ನು ಮದ್ರಾಸು ಹೈಕೋರ್ಟು ಬಿಟ್ಟುಬಿಟ್ಟಿತು. ಅಷ್ಟು ಜಮೀನು, ಅಷ್ಟು ಗೌರವ ಉಳ್ಳವರು ತಾವೇ ನಡೆದುಹೋಗಿ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ ಎಂಬ ಧಾಟಿ ಆ ತೀರ್ಪಿನದು. ಪ್ರತಿವರ್ಷ ಡಿಸೆಂಬರ್ 25ಕ್ಕೆ ಜನ ಕೆಂಪು ಬಾವುಟ ಹಿಡಿದು ಆ ಊರಿಗೆ ಹೋಗುತ್ತಾರೆ.